ಕೆಲಸ ಮಾಡಿದವರ ಹೆಸರು

ಚಳ್ಳಕೆರೆಯಲ್ಲಿ ನಮ್ಮ ಮಾವನ ತೆರಿಗೆ ಕಾಗದ ನೋಡುತ್ತಿದ್ದವರು ಬರೆಯುವ ಮುನ್ನ ಪೆನ್ನನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಪಂಚೆಯೋ ಪ್ಯಾಂಟೋ, ಈಗ ಆಣೆ ಮಾಡಿ ಹೇಳಲಾರೆ. ಯಾವ ರಸೀದಿ ಹಿಡಿದರೂ ಅವರು ಕೇಳುತ್ತಿದ್ದದ್ದು ಒಂದೇ: “ಕೆಲ್ಸ ಮಾಡಿದೋರ ಹೆಸರೆಲ್ಲಿ?”

ಮಾವನಿಗೆ ಎಣ್ಣೆ ಮಿಲ್ಲಿನ ಜೊತೆಗೆ ಬಾಡಿಗೆ ಮಳಿಗೆಗಳಿದ್ದವು. ಆ ವರ್ಷ ಮೊಳಕಾಲ್ಮೂರಿನ ಮೇಸ್ತ್ರಿಯೊಬ್ಬರು ಗುತ್ತಿಗೆ ಹಿಡಿದು ಅವಕ್ಕೆ ಹೊಸ ಚಾವಣಿ ಹಾಕಿದ್ದರು. ಗುತ್ತಿಗೆ ಎಂದು ತೋರಿಸಿದರೆ ಮೇಸ್ತ್ರಿಗೆ ಕೊಡುವ ಹಣದಲ್ಲಿ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು, ಫಾರಂ ತುಂಬಬೇಕು. ಆ ತಾಪತ್ರಯ ಬೇಡವೆಂದು ಮಾವ, ಊರಿನ ಉಳಿದ ಸಾಹುಕಾರರಂತೆ, ಆ ಖರ್ಚಿಗೆ ಹತ್ತು ಕೂಲಿಗಳ ಹೆಸರಿನಲ್ಲಿ ರಸೀದಿ ಬರೆಸಿ ತಂದಿದ್ದ.

“ಇದ್ರಾಗೆ ಮೇಸ್ತ್ರಿ ಹೆಸರೇ ಇಲ್ವಲ್ರೀ ಸಾವ್ಕಾರ್ರೆ?”

“ನಿಮಗ್ಯಾಕ್ರೀ ಅದು? ಸುಮ್ನೆ ಬರ್ಕೊಳ್ರಿ.”

“ದೊಡ್ಡಉಳ್ಳಾರ್ತಿ ಹತ್ರ ಸರ್ಕಾರದೋರು ಕಟ್ಟಿಸ್ತಿರೋ ಕ್ಯಾಂಪಸ್ ಕೆಲ್ಸಕ್ಕೆ ಮೇಸ್ತ್ರಿ ಅರ್ಜಿ ಹಾಕ್ತಾರಂತೆ. ಹಿಂದೆ ಗುತ್ತಿಗೆ ಮಾಡಿದ್ದಕ್ಕೆ ಅಲ್ಲಿ ಕಾಗದ ಕೇಳ್ತಾರೆ. ನೀವು ಕೊಡ್ದಿದ್ರೆ ನಿಮ್ಮ ಚಾವಣಿ ಬಂದು ಸಾಕ್ಷಿ ಹೇಳ್ತೈತಾ?”

“ಹಂಗಾದ್ರೆ ನನ್ನ ಫೈಲೆಲ್ಲ ಬ್ಯಾರೆ ಕಡೆ ಒಯ್ತೀನಿ!”

ಮಾವನಿಗಿಂತ ದೊಡ್ಡ ಗಿರಾಕಿ ಅವರಿಗಿರಲಿಲ್ಲ. ಆದರೂ ಅವರು ಎದ್ದು, ಅಷ್ಟೂ ವರ್ಷಗಳ ಫೈಲುಗಳನ್ನು ತಾವೇ ಕೆಳಗಿಳಿಸಿ, ಧೂಳು ಒರೆಸಿ, ದಾರ ಕಟ್ಟಿ ಮುಂದಿಟ್ಟರು. ಮುಖದಲ್ಲಿ ಕೋಪವೇ ಇರಲಿಲ್ಲ. ಮಾವ ಗಂಟೆತ್ತಲು ಕೈ ಹಾಕಿದವನು ಅದನ್ನು ಮತ್ತೆ ಅವರತ್ತಲೇ ಸರಿಸಿದ. ಆಮೇಲೆ ಕುಳಿತು ಮೇಸ್ತ್ರಿಗೆ ಫೋನ್ ಮಾಡಿ, ಪ್ಯಾನ್ ಕಾರ್ಡ್ ತರಲು ಹೇಳಿದ.

ಮೇಸ್ತ್ರಿ ಬಂದವರು ಬಟ್ಟೆಯ ಮೇಲಿನ ಸಿಮೆಂಟಿಗೆ ನಾಚಿ ಬಾಗಿಲಲ್ಲೇ ನಿಂತರು. ಕಾಗದ ನೋಡುವವರು ತಮ್ಮ ಕುರ್ಚಿಯನ್ನೇ ಎಳೆದು ಅವರನ್ನು ಕೂರಿಸಿ, ತಾವು ನಿಂತುಕೊಂಡೇ ಗುತ್ತಿಗೆಯ ಫಾರಂನಲ್ಲಿ ಮೇಸ್ತ್ರಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದರು. ಬರೆದು ಮುಗಿಯುವ ಹೊತ್ತಿಗೆ ಮಾವನೂ ಎದ್ದು ನಿಂತಿದ್ದ.