ನನ್ನ ಅಜ್ಜಿಗೆ ಅವರ ಅಡಿಟಿಪ್ಪಣಿ

ಬೇರೆಯವರ ಒಂದೇ ವಾಕ್ಯವನ್ನು ಆಕರ ಹೇಳದೆ ಬಳಸಿದರೂ ಅದು ಕಳ್ಳತನ ಎಂದು ನನಗೆ ಕಲಿಸಿದವರು ಬಸವಕಲ್ಯಾಣದ ನನ್ನ ಮಾರ್ಗದರ್ಶಕರು. ಲೇಖಕರ ಹೆಸರು, ಕೃತಿ, ವರ್ಷ, ಪುಟ. ಅಲ್ಪವಿರಾಮ ಬಿಟ್ಟುಹೋದರೆ ಹಾಳೆಯನ್ನೇ ಎಸೆಯುತ್ತಿದ್ದರು. "ಕುರಿ ಕಾಯೋರ ಮನಿಯಿಂದ ಬಂದಾಕಿ, ಶಿಸ್ತು ಹ್ಯಾಂಗ ಬರತದ?" ಎಂದು ಉಳಿದ ವಿದ್ಯಾರ್ಥಿಗಳ ಮುಂದೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಪಿಎಚ್‌ಡಿ ಬೇಕಿತ್ತಲ್ಲ, ಅದಿಲ್ಲದಿದ್ದರೆ ಹುಮನಾಬಾದಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿಯೇ ಮುದುಕಿಯಾಗಬೇಕಿತ್ತು.

ನನ್ನ ವಿಷಯ ಕುರಿಗಾರರ ಮಾತು. ಮೂರನೇ ಅಧ್ಯಾಯದ ತುಂಬ ಕೊಹಿನೂರು ಎಂಬ ಹಳ್ಳಿಯ ನನ್ನ ಅಜ್ಜಿ ಇದ್ದಳು. ಕಿವಿ ನೋಡಿ, ಬಣ್ಣ ನೋಡಿ, ನಡಿಗೆ ನೋಡಿ ಆಕೆ ಕುರಿಗಳಿಗೆ ಇಟ್ಟ ಹೆಸರುಗಳು, ಸತ್ತ ಮರಿಯನ್ನು ಬಯ್ಯುತ್ತ ಅಳುತ್ತಿದ್ದ ರೀತಿ. "ನನ್ನ ಅಜ್ಜಿ ಕುರಿಗಳನ್ನು ಎಣಿಸುತ್ತಿರಲಿಲ್ಲ, ಕರೆಯುತ್ತಿದ್ದಳು, ಯಾವುದು ಬರಲಿಲ್ಲವೆಂದು ಆಕೆಗೆ ಹಾಗೆ ತಿಳಿಯುತ್ತಿತ್ತು" ಎಂದು ಬರೆದಿದ್ದೆ. ಅಷ್ಟು ಒಳ್ಳೆಯ ವಾಕ್ಯ ನಾನು ಮತ್ತೆ ಬರೆದಿಲ್ಲ. ಅಧ್ಯಾಯವನ್ನು ತಿದ್ದಲು ಅವರಿಗೆ ಕೊಟ್ಟೆ. ವರ್ಷವಾದರೂ ಮರಳಿಸಲಿಲ್ಲ.

ಪ್ರಬಂಧ ಸಲ್ಲಿಸುವ ಮೊದಲು, ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶ ಆ ಅಧ್ಯಾಯವನ್ನು ಪೂರ್ತಿ ಕೆಂಪು ಮಾಡಿ ಕಳಿಸಿತು. ಮೂಲ ಯಾವುದೆಂದರೆ, ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಕಟವಾಗಿದ್ದ ನನ್ನ ಮಾರ್ಗದರ್ಶಕರ ಲೇಖನ. ಓದಿದೆ. ಒಂದಕ್ಷರ ಬದಲಾಗಿರಲಿಲ್ಲ. "ನನ್ನ ಅಜ್ಜಿ" ಎಂಬುದೂ ಹಾಗೆಯೇ ಇತ್ತು. ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸಿದ ಮನೆತನ ಅವರದು; ಅವರ ಅಜ್ಜಿ ಕುರಿ ಕಂಡಿದ್ದರೆ, ಅದು ದಾರಿ ತಪ್ಪಿ ಅಂಗಡಿಯ ಕಟ್ಟೆ ಹತ್ತಿದಾಗ ಮಾತ್ರ.

ಮೈ ಉರಿಯಿತು. ಬಸ್ಸು ಹತ್ತಿ ನೇರ ಅವರ ಮನೆಗೆ ಹೋದೆ. ಚಹಾ ತರಿಸಿದರು.

"ಸರ್, ಇದು ನಂದಲ್ಲೇನ್ರಿ?"

"ನಿಂದು ಅನ್ನಾಕ ಎಲ್ಲಿ ಛಾಪಿಸೀದಿ? ಮೊದಲು ಛಾಪಿಸಿದವರದು ಅದು. ಯಾಕ ಮಾರಿ ಹಂಗ ಮಾಡಾಕತ್ತಿ? ಉದ್ಧರಣ ಚಿಹ್ನಿ ಹಾಕು, ಕೆಳಗ ನನ್ನ ಹೆಸರು ಬರಿ. ಖತಂ. ಸಹಿ ಮಾಡತೀನಿ."

ಅವರ ಸಹಿ ಇಲ್ಲದೆ ಪ್ರಬಂಧ ಮುಂದೆ ಹೋಗುವಂತಿರಲಿಲ್ಲ. ಮನೆಗೆ ಬಂದು ನನ್ನ ವಾಕ್ಯಗಳಿಗೆ ಒಂದೊಂದಾಗಿ ಚಿಹ್ನೆ ಹಾಕಿದೆ. ನನ್ನ ಅಜ್ಜಿಯ ವಾಕ್ಯಕ್ಕೂ ಹಾಕಿದೆ. ಕೆಳಗೆ ಅವರ ಹೆಸರು, ವರ್ಷ, ಪುಟ. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

ಮೌಖಿಕ ಪರೀಕ್ಷೆಗೆ ಅಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಪುಸ್ತಕದಲ್ಲಿ ಅವನ ಅವ್ವ ಇದ್ದಾಳೆಂದು ನಾನೇ ಹೇಳಿದ್ದೆ. ಕೆಳಗೆ ಯಾರ ಹೆಸರಿದೆ ಎಂದು ಹೇಳಿರಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದೇ ಪುಟ ತೆರೆದು ಗಟ್ಟಿಯಾಗಿ ಓದಿದರು. ಆಮೇಲೆ ಮಾರ್ಗದರ್ಶಕರ ಕಡೆ ತಿರುಗಿ, "ನಿಮ್ಮ ಅಜ್ಜಿ ದೊಡ್ಡ ಹೆಣ್ಮಗಳು ಬಿಡ್ರಿ," ಎಂದರು.

ಮಾರ್ಗದರ್ಶಕರು ಕಣ್ಣು ಒರೆಸಿಕೊಂಡರು. "ಭಾಳ ತ್ರಾಸ ತಗೊಂಡಾಳ್ರಿ ಪಾಪ."

ಪರೀಕ್ಷಕರು ನನ್ನನ್ನು ನೋಡಿದರು. "ಏನವಾ, ಗುರುಗಳ ಅಜ್ಜಿ ಇರಲಿಲ್ಲಂದ್ರ ನಿನ್ನ ಪ್ರಬಂಧದಾಗ ಏನೂ ಇರತಿರಲಿಲ್ಲ, ಹೌದಿಲ್ಲೋ?"

ಹಿಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತಿದ್ದ, ನಾನು ಏನು ಹೇಳುತ್ತೇನೆಂದು ನೋಡುತ್ತ.

"ಹೌದ್ರಿ," ಎಂದೆ.