ಹೆಬ್ಬೆಟ್ಟು ಮೇಷ್ಟ್ರ ಅಣ್ಣ ಷೂ ಕೊಳ್ಳಲು ಬಂದದ್ದು

ಆ ಷೂ ಅಂಗಡಿಯಲ್ಲಿ ಬಿ.ಕಾಂ. ಪಾಸಾದವರು ಇದ್ದದ್ದು ಒಬ್ಬರೇ, ಅವರಿಗೇ ‘ಹೆಬ್ಬೆಟ್ಟು’ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ಷೂ ತೊಟ್ಟು ನಿಂತ ಗಿರಾಕಿಯ ಮುಂದೆ ಕುಳ್ಳ ಸ್ಟೂಲಿನ ಮೇಲೆ ಕೂತು, ಷೂವಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ, ಒಳಗೆ ಕಾಲ್ಬೆರಳು ಎಲ್ಲಿಗೆ ಮುಗಿಯಿತು ಎಂದು ನೋಡುವುದು ಅವರ ರೂಢಿ. ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿದಿರಬೇಕು. ಉಳಿದಿಲ್ಲವೋ, ಗಿರಾಕಿ ಎಷ್ಟೇ ದುಂಬಾಲು ಬಿದ್ದರೂ ಷೂ ಡಬ್ಬಿಗೆ ವಾಪಸ್. ಅದರ ಜೊತೆಗೆ ಹತ್ತು ನಿಮಿಷದ ಬಿಟ್ಟಿ ಪಾಠ ಬೇರೆ. ಹಾಗಾಗಿ ಹೆಸರಿನ ಹಿಂದೆ ‘ಮೇಷ್ಟ್ರು’ ಎಂಬ ಬಾಲವೂ ಬೆಳೆದಿತ್ತು.

ಬೆಳಿಗ್ಗೆ ಷೂ ಕೊಳ್ಳಲು ಬಂದವರನ್ನು ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. “ಸಂಜೆ ಬನ್ನಿ ಸ್ವಾಮಿ. ದಿನವೆಲ್ಲ ಓಡಾಡಿ ಕಾಲು ಒಂಚೂರು ಊದಿರುತ್ತೆ. ಆಗ ಹಿಡಿಸಿದ್ದು ಯಾವಾಗಲೂ ಹಿಡಿಸುತ್ತೆ,” ಎಂದು ಕೈಗೆ ಬಂದ ವ್ಯಾಪಾರವನ್ನು ಬಾಗಿಲವರೆಗೂ ಹೋಗಿ ಬೀಳ್ಕೊಡುವರು. ಗಲ್ಲಾದ ಹಿಂದೆ ಮಾಲೀಕರು ಹಲ್ಲು ಕಡಿಯುವರು. ಆದರೆ ಹಾಗೆ ಹೋದವರು ಸಂಜೆ ನಿಜಕ್ಕೂ ಬರುತ್ತಿದ್ದರು, ಬರುವಾಗ ಅಳಿಯನನ್ನೋ ಷಡ್ಡಕನನ್ನೋ ಕರೆತರುತ್ತಿದ್ದರು. ಆದ್ದರಿಂದ ಮಾಲೀಕರ ಹಲ್ಲು ಕಡಿತ ಅಲ್ಲಿಗೇ ನಿಲ್ಲುತ್ತಿತ್ತು.

ಎರಡು ಕಾಲನ್ನೂ ಅಳೆಯಬೇಕು, ದೊಡ್ಡ ಕಾಲಿಗೆ ಷೂ ಕೊಳ್ಳಬೇಕು. ಅಗಲ ಪಾದದವರು ಲೇಸು ಪೋಣಿಸುವ ಎರಡು ಪಟ್ಟಿ ಕಿವಿಯ ಹಾಗೆ ಪೂರ್ತಿ ಬಿಚ್ಚಿಕೊಳ್ಳುವ ನಮೂನೆಯನ್ನೇ ಆರಿಸಬೇಕು. ಒಂದೇ ಜೋಡಿಯನ್ನು ದಿನಾ ತೊಡಬಾರದು, ಅದಕ್ಕೂ ಬೆವರು ಆರಲು ಒಂದು ದಿನ ರಜೆ ಬೇಕು. ನೆನೆದರೆ ಒಳಗೆ ಹಳೇ ಪೇಪರ್ ತುರುಕಿ ನೆರಳಿನಲ್ಲಿ ಇಡಬೇಕು, ಬಿಸಿಲಿಗಿಟ್ಟರೆ ಚರ್ಮ ಬಿರುಕು ಬಿಡುತ್ತದೆ. ಧೂಳು ಕೊಡವದೆ ಪಾಲಿಷ್ ಬಳಿಯುವವರ ವಿಷಯ ಬಂದರಂತೂ, “ಮುಖ ತೊಳೀದೆ ಪೌಡರ್ ಹಾಕ್ಕೋತೀರಾ?” ಎಂದು ಕೇಳಿಯೇ ಬಿಡುವರು. ಇಷ್ಟೆಲ್ಲ ಹೇಳುವಾಗ ಅವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಕೆಲಸವನ್ನು ಇಷ್ಟಪಟ್ಟು ಮಾಡುವವರು ಲೋಕದಲ್ಲಿ ಕಡಿಮೆ, ಅಂಥವರಲ್ಲಿ ಅವರೊಬ್ಬರು.

ಈ ಸಂತೋಷದಲ್ಲಿ ಒಂದೇ ಒಂದು ಮುಳ್ಳಿತ್ತು. ಅದು ಅಣ್ಣ.

ಅಣ್ಣ ಹತ್ತು ವರ್ಷಕ್ಕೆ ದೊಡ್ಡವನು. ಅಪ್ಪ ಹೋದ ಮೇಲೆ ತಮ್ಮನನ್ನು ಓದಿಸಿದ್ದು ಅವನೇ. ಪದವಿ ಕೈಗೆ ಬಂದೊಡನೆ ತನ್ನ ಆಫೀಸಿನಲ್ಲೇ ಗುಮಾಸ್ತಿಕೆಗೆ ಯಾರ್‍ಯಾರಿಗೋ ಹೇಳಿ ಇಟ್ಟಿದ್ದ. ಕೆಲಸದ ಕಾಗದ ಬರುವವರೆಗೆ ಸುಮ್ಮನೆ ಕೂರುವುದೇಕೆಂದು ತಮ್ಮ ಷೂ ಅಂಗಡಿ ಸೇರಿದ. ಕಾಗದ ಬಂತು, ತಮ್ಮ ಹೋಗಲಿಲ್ಲ. “ನಿನ್ನ ಓದಿಸಿದ್ದು ಕಂಡವರ ಕಾಲ ಬುಡದಲ್ಲಿ ಕೂರೋದಕ್ಕಾ?” ಎಂದು ಅಣ್ಣ ಒಂದೇ ಸಲ ಕೇಳಿದ್ದ. ಆಮೇಲೆ ಮಾತು ಬಿಡಲಿಲ್ಲ, ಬಂದು ಹೋಗುವುದನ್ನು ಬಿಡಲಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಆ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ. ಯಾರಾದರೂ ಕೇಳಿದರೆ ‘ತಮ್ಮ ವ್ಯಾಪಾರದಲ್ಲಿದ್ದಾನೆ’ ಎನ್ನುತ್ತಿದ್ದ. ಯಾವ ವ್ಯಾಪಾರ ಎಂದು ಮುಂದೆ ಕೇಳಿದರೆ ಅವನಿಗೆ ಕೆಮ್ಮು ಬರುತ್ತಿತ್ತು.

ಅಂಥ ಅಣ್ಣ ಒಂದು ಸಂಜೆ ಅತ್ತಿಗೆಯ ಹಿಂದೆ ಹಿಂದೆ ಅಂಗಡಿಯೊಳಗೆ ಬಂದ. ಹತ್ತು ದಿನಕ್ಕೆ ಮಗಳ ಮದುವೆ. ಹೊಸ ಕೋಟು ಹೊಲಿಸಿಯಾಗಿತ್ತು.

“ಕೋಟಿನ ಕೆಳಗೆ ಈ ಚಪ್ಪಲಿ ಹಾಕ್ಕೊಂಡು ನಿಂತ್ಕೋತಾರಂತೆ ನೋಡಪ್ಪ,” ಅತ್ತಿಗೆ ಬಂದವರೇ ದೂರು ಶುರುಮಾಡಿದರು. “ಅದೂ ಕಾಲಲ್ಲಿ ನಿಲ್ಲಲ್ಲ. ಮೊನ್ನೆ ಬೀದೀಲಿ ಒಂದು ಚಪ್ಪಲಿ ಕಳಚಿ ಹೋಗಿದೆ, ಇವರು ಬರಿಗಾಲಲ್ಲೇ ಮನೆ ತನಕ ಬಂದಿದ್ದಾರೆ. ಏನೋ ಯೋಚನೇಲಿದ್ದೆ ಅಂತಾರೆ!”

ಮೇಷ್ಟ್ರು ನಕ್ಕರು. ನಗಬೇಕಾದ ಮಾತಲ್ಲ ಅದು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡರು. ಆದರೆ ಆಗ ಅವರ ತಲೆಯಲ್ಲಿ ಬೇರೇನೂ ಇರಲಿಲ್ಲ. ಅಣ್ಣ ಬಂದಿದ್ದಾನೆ, ಅಣ್ಣ ಬಂದಿದ್ದಾನೆ, ಇಷ್ಟೇ.

ಅಳತೆಪಟ್ಟಿ ತಂದರೆ ಅಣ್ಣ, “ಅಳತೆ ಎಲ್ಲ ಏನೂ ಬೇಡ. ಒಂಬತ್ತು ನಂಬರ್,” ಎಂದ. ಬೇರೆ ಯಾರೇ ಆಗಿದ್ದರೂ ಮೇಷ್ಟ್ರು ಬಿಡುತ್ತಿರಲಿಲ್ಲ. ಅಣ್ಣನಿಗೆ “ಸರಿ” ಎಂದರು. ಒಳಗಿನ ಕಪಾಟಿನಿಂದ ಕಪ್ಪು ಕರುವಿನ ಚರ್ಮದ, ಲೇಸು ಕಟ್ಟುವ ಜೋಡಿ ತಂದರು. ಹೊಸ ಷೂವಿನ ಮೂತಿಯೊಳಗೆ ಆಕಾರ ಕೆಡದಿರಲೆಂದು ಕಾಗದದ ಉಂಡೆ ತುರುಕಿರುತ್ತಾರೆ. ಬಲಗಾಲಿನದನ್ನು ಎಳೆದು ತೆಗೆದರು. ಅಷ್ಟರಲ್ಲಿ ಅಣ್ಣ, “ಕೊಡು ಇಲ್ಲಿ, ನಾನೇ ಹಾಕ್ಕೋತೀನಿ. ನೀನು ಕೆಳಗೆ ಕೂರೋದು ಬೇಡ,” ಎಂದು ಎರಡನ್ನೂ ಕೈಯಿಂದ ಕಸಿದುಕೊಂಡ. ಅತ್ತಿಗೆ ಕೈಚೀಲದಿಂದ ಸಾಕ್ಸ್ ತೆಗೆದು ಕೊಟ್ಟರು. ತಮ್ಮ ತನ್ನ ಕಾಲ ಬಳಿ ಕೂತದ್ದನ್ನು ಕಣ್ಣಾರೆ ನೋಡುವುದು ಅಣ್ಣನಿಗೆ ಬೇಕಿರಲಿಲ್ಲ ಎಂಬುದು ಮೇಷ್ಟ್ರಿಗೆ ಅರ್ಥವಾಯಿತು. ಅವರು ಕೂರಲಿಲ್ಲ. ಕೈ ಕಟ್ಟಿಕೊಂಡು ನಿಂತರು.

ಅಣ್ಣ ಟೈಲ್ಸಿನ ಮೇಲೆ ಕನ್ನಡಿಯವರೆಗೆ ನಡೆದು ಹೋಗಿ, ನಡೆದು ಬಂದ.

“ಎಲ್ಲಾದರೂ ಕಚ್ಚುತ್ತಾ ಅಣ್ಣ?”

“ಎಲ್ಲೂ ಇಲ್ಲ. ಹಾಕ್ಕೊಂಡಿರೋದೇ ಗೊತ್ತಾಗಲ್ಲ. ಚೆನ್ನಾಗಿದೆ ಕಣೋ ನಿನ್ನ ಸಾಮಾನು.”

ಇದು ಮೇಷ್ಟ್ರು ಇಪ್ಪತ್ತೆಂಟು ವರ್ಷ ಕಾದ ಮಾತು. ಅಣ್ಣ ಕೂತು ಬಿಚ್ಚಿಕೊಟ್ಟ ಷೂಗಳನ್ನು ಗಲ್ಲಾದ ಬಳಿ ಒಯ್ದು, ಅತ್ತಿಗೆಗೆ ಬ್ರಷ್ಷು ಯಾವುದು, ಕ್ರೀಮು ಎಷ್ಟು ಎಂದು ಉತ್ಸಾಹದಿಂದ ಹೇಳುತ್ತಾ, ತೊಡದಿರುವಾಗ ಷೂವಿನೊಳಗೆ ಇಡಲು ಒಂದು ಜೊತೆ ಮರದ ಅಚ್ಚನ್ನೂ ತೆಗೆದರು. ಬಲಗಾಲಿನದರಲ್ಲಿ ಅಚ್ಚು ಸರಾಗವಾಗಿ ಕೂತಿತು. ಎಡಗಾಲಿನದರಲ್ಲಿ ಕೂರಲಿಲ್ಲ. ಕೈ ಹಾಕಿ ನೋಡಿದರೆ ಕಾಗದದ ಉಂಡೆ ಅಲ್ಲೇ ಇತ್ತು, ರೊಟ್ಟಿಯ ಹಾಗೆ ಚಪ್ಪಟೆಯಾಗಿ. ಅದರ ಅಂಚಿನಲ್ಲಿ ಕೆಂಪಗಿನ ಒಂದು ಒದ್ದೆ ಕಲೆ.

ಮೇಷ್ಟ್ರಿಗೆ ಮೊದಲು ಬಂದದ್ದು ನಾಚಿಕೆ. ಹೊಸದಾಗಿ ಸೇರಿದವರು ಮಾಡುವ ತಪ್ಪು, ಅದೂ ಅಣ್ಣನ ಮುಂದೆ. ಆಮೇಲೆ ಆ ಕೆಂಪು ಕಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಇಷ್ಟು ಗಟ್ಟಿ ಉಂಡೆ ಬೆರಳಿಗೆ ಒತ್ತುತ್ತಿದ್ದರೆ ಯಾರೂ ನಾಲ್ಕು ಹೆಜ್ಜೆ ಇಡಲಾರರು. ಅಣ್ಣ ಕನ್ನಡಿಯವರೆಗೆ ಹೋಗಿ ಬಂದಿದ್ದ. ಹಿಂದೊಮ್ಮೆ ಒಬ್ಬ ಗಿರಾಕಿ ಷೂವಿನಲ್ಲಿ ಮೊಳೆ ಎದ್ದಿದ್ದರೂ ಇಡೀ ದಿನ ತಿಳಿಯದೆ ಓಡಾಡಿದ್ದರು. ಸಕ್ಕರೆ ಕಾಯಿಲೆ, ಕಾಲಿಗೆ ಸ್ಪರ್ಶಜ್ಞಾನವೇ ಇರಲಿಲ್ಲ. ಮುಂದಿನ ವರ್ಷ ಅವರು ಬಂದದ್ದು ಊರುಗೋಲಿನಲ್ಲಿ, ಒಂದೇ ಕಾಲಿಗೆ ಷೂ ಕೊಡುತ್ತೀರಾ ಎಂದು ಕೇಳಲು. ಅಣ್ಣನಿಗೂ ಸಕ್ಕರೆ ಇತ್ತು. ನೆನಪಾದಾಗ ಮಾತ್ರೆ ನುಂಗುತ್ತಿದ್ದ.

ಸುಮ್ಮನೆ ಡಬ್ಬಿ ಕಟ್ಟಿ, ಮನೆಗೆ ಹೋದ ಮೇಲೆ ಅತ್ತಿಗೆಗೆ ಗುಟ್ಟಾಗಿ ಹೇಳಿದರಾಯಿತು ಎಂದು ಒಂದು ಕ್ಷಣ ಅನ್ನಿಸದೆ ಇರಲಿಲ್ಲ. ಈಗ ಬಾಯಿ ಬಿಟ್ಟರೆ ಅಣ್ಣ ಎದ್ದು ಹೋಗುತ್ತಾನೆ, ಹೋದರೆ ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ. ಮೇಷ್ಟ್ರು ಸ್ಟೂಲನ್ನು ಎಳೆದುಕೊಂಡು ಬಂದು ಅಣ್ಣನ ಮುಂದೆ ಕೂತರು.

“ಅಣ್ಣ, ಈ ಷೂ ನಿನಗೆ ಕೊಡಲ್ಲ.”

“ಏನಂದೆ?”

“ಎಡಗಾಲಿನ ಸಾಕ್ಸ್ ಬಿಚ್ಚು.”

“ಏಳೋ ಮೇಲೆ. ಜನ ನೋಡ್ತಿದ್ದಾರೆ.”

“ನೋಡಲಿ. ನನ್ನ ಕೆಲಸ ಇದು.” ಮೇಷ್ಟ್ರು ಕಾಗದವನ್ನು ಮುಂದೆ ಹಿಡಿದರು. “ಇದು ಷೂ ಒಳಗಿತ್ತು. ತೆಗೆಯೋದು ಮರೆತಿದ್ದು ನಾನು, ತಪ್ಪು ನಂದೇ. ಆದರೆ ಇದನ್ನ ತುಳ್ಕೊಂಡು ನಡೆದೆಯಲ್ಲ ಅಣ್ಣ, ನಿನಗೆ ಯಾಕೆ ಗೊತ್ತಾಗಲಿಲ್ಲ?”

ಬೈಯಲು ಬಾಯಿ ತೆರೆದ ಅಣ್ಣನ ಕಣ್ಣು ಕಾಗದದ ಕೆಂಪು ಕಲೆಯ ಮೇಲೆ ಬಿತ್ತು. ಎದ್ದು ಹೋಗುತ್ತಾನೆಂದೇ ಮೇಷ್ಟ್ರು ಅಂದುಕೊಂಡರು. ಅಣ್ಣ ಏಳಲಿಲ್ಲ, ಸಾಕ್ಸಿಗೂ ಕೈ ಹಾಕಲಿಲ್ಲ. ಕೊನೆಗೆ ಮೇಷ್ಟ್ರೇ ಅದನ್ನು ಮೆಲ್ಲಗೆ ಕೆಳಗಿಳಿಸಿದರು. ಎರಡನೆಯ ಬೆರಳಿನ ಅಡಿಯಲ್ಲಿ ಒಂದು ಗಾಯ ಬಾಯಿ ತೆರೆದಿತ್ತು, ಇವತ್ತಿನದಲ್ಲ, ಸುತ್ತಲಿನ ಚರ್ಮ ಆಗಲೇ ಬಿಳಚಿಕೊಂಡಿತ್ತು. ಅತ್ತಿಗೆ “ಅಯ್ಯೋ” ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಅಣ್ಣ ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡುವವನಂತೆ ನೋಡಿದ.

“ಇದು ಯಾವಾಗ ಆಯ್ತೋ?” ಎಂದು ತಮ್ಮನನ್ನೇ ಕೇಳಿದ.

ಅಂಗಡಿಯಿಂದ ಆಸ್ಪತ್ರೆಗೆ ನೇರ ಆಟೋದಲ್ಲಿ ಹೋದರು. ವೈದ್ಯೆ ಗಾಯ ತೊಳೆದು, ಸತ್ತ ಚರ್ಮ ಕತ್ತರಿಸಿ, ಎರಡೂ ಪಾದಗಳನ್ನು ತಿರುಗಿಸಿ ತಿರುಗಿಸಿ ನೋಡಿ ಕಟ್ಟು ಹಾಕಿದರು. ಒಂದು ವಾರ ಬಿಗಿ ಷೂವಿನಲ್ಲಿ ಓಡಾಡಿದ್ದರೆ ಬೆರಳು ಹೋಗುತ್ತಿತ್ತು, ಪಾದದ ಮಾತು ಆಮೇಲೆ, ಎಂದರು. ಮದುವೆಗೆ ಮೆತ್ತನೆಯ ಅಗಲ ಚಪ್ಪಲಿಯೇ ಗತಿ ಎಂದೂ ಹೇಳಿದರು.

“ಇಷ್ಟು ಬೇಗ ಯಾರು ಕಂಡುಹಿಡಿದ್ರು?”

“ನನ್ನ ಮೈದುನ. ಷೂ ಅಂಗಡೀಲಿ ಕೆಲಸ ಮಾಡ್ತಾರೆ,” ಎಂದರು ಅತ್ತಿಗೆ. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಅತ್ತಿಗೆ ಅಷ್ಟು ಹೇಳಬಾರದಿತ್ತು ಎಂದು ಮೇಷ್ಟ್ರಿಗೆ ಸಂಕಟವಾಯಿತು.

ವೈದ್ಯೆ ಹೋದರು. ಅತ್ತಿಗೆ ಔಷಧಿ ತರಲು ಹೊರಟರು. ಕೋಣೆಯಲ್ಲಿ ಇಬ್ಬರೇ ಉಳಿದರು. ಮೇಷ್ಟ್ರು ಎದುರಿನ ಸ್ಟೂಲಿನ ಮೇಲೆ ಕೂತು ಗೋಡೆಯ ಮೇಲಿನ ಸೂಚನೆಗಳನ್ನು ಓದುವ ನಾಟಕ ಮಾಡುತ್ತಿದ್ದರು. ಮಂಚದ ತುದಿಯಲ್ಲಿದ್ದ ಅಣ್ಣ ತನ್ನ ಬಲಗಾಲನ್ನು ಎತ್ತಿ ತಮ್ಮನ ತೊಡೆಯ ಮೇಲಿಟ್ಟ.

“ಇದನ್ನೂ ನೋಡಿಬಿಡು.”

“ಡಾಕ್ಟರ್ ಆಗಲೇ ನೋಡಿದರಲ್ಲ ಅಣ್ಣ.”

“ಅವರು ನೋಡಿದ್ದು ಇರಲಿ,” ಎಂದ ಅಣ್ಣ. “ನೀನು ನೋಡು.”

ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಕಿರುಬೆರಳಿನಿಂದ ಶುರುಮಾಡಿದರು.