ಕಸ್ತೂರಬಾಯಿಗೆ ಸಿಕ್ಕ ಆಹೇರ

ಅಕ್ಕಲಕೋಟೆಯ ಹಳ್ಳಿಗಳಲ್ಲಿ ನಾಟಕ ಕಂಪನಿ ಟೆಂಟು ಹಾಕುತ್ತಿದ್ದ ಕಾಲದಲ್ಲಿ ಕಸ್ತೂರಬಾಯಿಯ ಹಾಡಿಗೆ ಜನ ಒನ್ಸ್ ಮೋರ್ ಕೂಗಿ ಕೂಗಿ ಕಥೆಯನ್ನೇ ಮರೆಯುತ್ತಿದ್ದರು. ನಾನು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ. ನನ್ನ ಬೆರಳು ನೋಯುವುದು ಯಾವ ಮಹಾರಾಯನಿಗೂ ಕಾಣುತ್ತಿರಲಿಲ್ಲ. ಆಮೇಲೆ ಆಕೆ ಸಿನಿಮಾದ ಹುಚ್ಚು ಹಿಡಿದು ಕೊಲ್ಲಾಪುರಕ್ಕೆ ಹೋದಳು. ನಾಯಕಿಯ ಹಿಂದೆ ಕೊಡ ಹೊತ್ತು ನಡೆದಳು. ಒಂದು ಚಿತ್ರದಲ್ಲಿ ಮಾತೂ ಇತ್ತಂತೆ, ತೆರೆಗೆ ಬರುವಷ್ಟರಲ್ಲಿ ಕತ್ತರಿಸಿದ್ದರು. ದೂರದ ಬೆಟ್ಟ ನುಣ್ಣಗೆ. ತಿರುಗಿ ಬಂದಾಗ ಕಂಪನಿ ಮುಚ್ಚಿತ್ತು, ಗಂಡ ಇನ್ನೊಬ್ಬಳ ಮನೆ ಸೇರಿದ್ದ, ಕಂಕುಳಲ್ಲಿ ಮಗಳು ನಂದಾ ಇದ್ದಳು.

ಬಾಡಿಗೆಗೆ ಊರೂರು ತಿರುಗಿ ಪಾತ್ರ ಮಾಡುವವಳು ಕೂಸನ್ನು ಅಕ್ಕ ಇಂದುಬಾಯಿಯ ಮಡಿಲಿಗೆ ಹಾಕಿದಳು. ಇಂದುಬಾಯಿ ತನ್ನ ಹೊಟ್ಟೆಯ ಮಗಳೆಂದೇ ಹೇಳಿ ನಂದಾಳನ್ನು ಮಂದ್ರೂಪದ ಕಬ್ಬಿನ ಹೊಲದ ಮನೆತನಕ್ಕೆ ಕೊಟ್ಟಳು. ನಾಟಕದವಳ ಮಗಳೆಂದರೆ ಮಾನವಂತರು ಒಪ್ಪುತ್ತಾರೆಯೇ? ಮದುವೆಯಲ್ಲಿ ಹೆತ್ತವಳು ಅಡುಗೆಯವರ ನಡುವೆ ನಿಂತು ಅಕ್ಷತೆ ಹಾಕಿದಳು. ಅವಳು ಯಾರೆಂದು ನಂದಾಳಿಗೆ ಗೊತ್ತಿತ್ತು, ಬೀಗರಿಗೆ ಗೊತ್ತಿರಲಿಲ್ಲ. ಆ ಮಾನವಂತರೇ ಆಟದಲ್ಲಿ ಮುಂದಿನ ಸಾಲು ಹಿಡಿದು ಕೂರುವವರು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹೋದ ವರ್ಷ ಮಂದ್ರೂಪದ ಹುಡುಗರು ಒಂದು ಕನ್ನಡ ನಾಟಕ ಹೂಡಿದರು. ಮನೆಮಾತು ಕನ್ನಡವಾದರೂ ಓದಿದ್ದು ಮರಾಠಿ ಶಾಲೆ; ಕನ್ನಡ ಓದಲು ಬಾರದೆ, ಮಾತುಗಳನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಕಲಿತವರು. ನಾಯಕ ಶೈಲೇಶ, ನಂದಾಳ ಮೈದುನ. ಅವನ ತಾಯಿಯ ಪಾತ್ರಕ್ಕೆ ಕಸ್ತೂರಬಾಯಿಗೆ ಕರೆ ಬಂತು. ಹೋಗಬೇಡ ಎಂದೆ, ಕೇಳಲಿಲ್ಲ.

ನಮ್ಮ ಕಡೆ ಆಟದ ನಡುವೆಯೇ ಪಾತ್ರಧಾರಿಯ ಮನೆಯವರು ರಂಗವೇರಿ ಆಹೇರ ಮಾಡುತ್ತಾರೆ. ಕುಂಕುಮ ಹಚ್ಚಿ, ಶಾಲು ಹೊದಿಸಿ, ಇವರು ನಮ್ಮವರು ಎಂದು ನಾಲ್ಕು ಜನರೆದುರು ತೋರಿಸುವ ರೂಢಿ. ಜೀವಮಾನವಿಡೀ ಬಣ್ಣ ಹಚ್ಚಿದರೂ ಕಸ್ತೂರಬಾಯಿಗೆ ತನ್ನವರಿಂದ ಅದು ಸಿಕ್ಕಿರಲಿಲ್ಲ.

"ನಂದಾ ಅಲ್ಲೇ ಇರ್ತಾಳ್ರಿ ಮಾಸ್ತರ್. ಒಂದ್ಸಲ ಅವ್ವಾ ಅಂತ ಮ್ಯಾಲ ಬಂದ್ರ ಸಾಕ್ರಿ ನನಗ," ಎಂದಳು.

ಆಟದ ರಾತ್ರಿ, ಮಗ ಸತ್ತು ತಾಯಿ ಅಳುವ ದೃಶ್ಯ. ಅಷ್ಟರಲ್ಲಿ ನಂದಾಳ ಮನೆಯವರೆಲ್ಲ ತಟ್ಟೆ ಹಿಡಿದು ರಂಗ ಹತ್ತಿದರು. ಹೆಣವಾಗಿದ್ದ ಶೈಲೇಶ ಎದ್ದು ಕೂತು, ನಗುತ್ತ ಶಾಲು ಹೊದ್ದ. ನಂದಾಳ ಅತ್ತೆ ಒಳ್ಳೆಯ ಹೆಂಗಸು. ಈ ಹೆಣ್ಣುಮಗಳಿಗೂ ಕುಂಕುಮ ಹಚ್ಚಿ ಕುಪ್ಪಸದ ಕಣ ಕೊಡು ಎಂದು ಸೊಸೆಗೆ ಹೇಳಿದಳು. ನಂದಾ ಮುಂದೆ ಬಂದಳು. ಕುಂಕುಮದಲ್ಲಿ ಬೆರಳದ್ದಿ ಕಸ್ತೂರಬಾಯಿಯ ಹಣೆಗೆ ತಂದಳು.

"ನಿಮಗ ಮಕ್ಕಳೆಷ್ಟವ್ವಾ?" ಅತ್ತೆ ಅಕ್ಕರೆಯಿಂದಲೇ ಕೇಳಿದಳು.

ನಂದಾಳ ಬೆರಳು ಹಣೆಯ ಮೇಲೆಯೇ ನಿಂತಿತು. ಕಸ್ತೂರಬಾಯಿ ಮಗಳ ಮುಖ ನೋಡಿದಳು.

"ಇಲ್ರಿ ಅಕ್ಕಾರ. ನನಗ ಮಕ್ಕಳಾಗಿಲ್ರಿ."

ನಂದಾ ಬಿಗಿಹಿಡಿದಿದ್ದ ಉಸಿರು ಬಿಟ್ಟದ್ದು ಪೇಟಿಯ ಮುಂದಿದ್ದ ನನಗೂ ಕೇಳಿಸಿತು. ಕಣವನ್ನು ಕೈಗಿಟ್ಟು ಆಕೆ ಅತ್ತೆಯ ಹಿಂದೆ ಇಳಿದುಹೋದಳು. ಶೈಲೇಶ ಮತ್ತೆ ಹೆಣವಾಗಿ ಮಲಗಿದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಸ್ತೂರಬಾಯಿ ಅಳತೊಡಗಿದಳು. ಮುಂದಿನ ಮಾತು ಹೇಳಿಕೊಟ್ಟರೂ ನಿಲ್ಲಿಸಲಿಲ್ಲ. ಕೊನೆಗೆ ಪರದೆ ಇಳಿಸಬೇಕಾಯಿತು.